ದೇಹಕ್ಕೆ ಯಾರು ನಮ್ಮವರು?

ಬೆಂಗಳೂರಿನ ರಿಚರ್ಡ್ಸ್ ಟೌನ್‌ನ ಪಾರ್ಕಿಗೆ ಬೆಳಗ್ಗೆ ನಡೆಯಲು ಬರುವವರಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಮಾತು ಎಷ್ಟೇ ರಂಗೇರಿರಲಿ, ಎಂಟು ಗಂಟೆಗೆ ಸರಿಯಾಗಿ ಅವರ ಮೊಬೈಲ್ ಸದ್ದು ಮಾಡುತ್ತದೆ. ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ಮಾತ್ರೆ ನುಂಗಿ, ಒಂದು ಗುಟುಕು ನೀರು ಕುಡಿದು, ನಿಲ್ಲಿಸಿದಲ್ಲಿಂದಲೇ ಮಾತು ಮುಂದುವರಿಸುತ್ತಾರೆ. ರಾತ್ರಿ ಎಂಟಕ್ಕೂ ಇದೇ ಕ್ರಮ. ಅವರ ಎರಡೂ ಕಿಡ್ನಿಗಳು ಕೈಕೊಟ್ಟಾಗ ಪತ್ನಿ ತಮ್ಮದೊಂದನ್ನು ಕೊಟ್ಟರು. ಅದಾಗಿ ಹತ್ತು ವರ್ಷ ಕಳೆಯಿತು.

“ಇಷ್ಟು ವರ್ಷವಾದ ಮೇಲೂ ಮಾತ್ರೆ ಬಿಡುವ ಹಾಗಿಲ್ಲವೇ?” ಎಂದು ಒಮ್ಮೆ ಕೇಳಿದೆ.

“ಅವಳು ನನಗೆ ಮೂವತ್ತು ವರ್ಷದ ಹೆಂಡತಿ, ಭಾಯ್. ಆದರೆ ನನ್ನ ರಕ್ತಕ್ಕೆ ಇವತ್ತಿಗೂ ಹೊರಗಿನವಳೇ. ಡಾಕ್ಟರು ಹೇಳಿದ್ದೇ ಹಾಗೆ” ಎಂದು ನಕ್ಕರು.

ನಮ್ಮವರು ಯಾರು, ಹೊರಗಿನವರು ಯಾರು ಎಂಬ ಪ್ರಶ್ನೆಗೆ ಸಮಾಜ ಒಂದು ಉತ್ತರ ಕೊಡುತ್ತದೆ, ಕಾನೂನು ಇನ್ನೊಂದು, ದೇಹ ಮತ್ತೊಂದು. ಕಿಡ್ನಿ ಕಸಿಯ ಇತಿಹಾಸವೆಂದರೆ ಈ ಮೂರು ಉತ್ತರಗಳ ನಡುವಿನ ತಿಕ್ಕಾಟದ ಇತಿಹಾಸ. ವಿಜ್ಞಾನ ದೇಹದ ಉತ್ತರವನ್ನು ಬಹುಮಟ್ಟಿಗೆ ಬದಲಾಯಿಸಿತು. ಆದರೆ ಅದರಿಂದಲೇ ಸಮಾಜದ ಮುಂದೆ ಹೊಸದೊಂದು ಪ್ರಶ್ನೆ ಎದ್ದು ನಿಂತಿತು.

ಎಬ್ಬಿಸಬೇಕಾದ ಶಕ್ತಿ, ಮಲಗಿಸಬೇಕಾದ ಶಕ್ತಿ

ರಿಚರ್ಡ್ಸ್ ಟೌನ್ ಪರಿಸರದ ಬಡಾವಣೆಗಳ ಹಿಂದೆ ಒಂದು ರೋಗದ ನೆನಪಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಂದಿನ ಶಿವಾಜಿನಗರವಾದ ಬ್ಲ್ಯಾಕ್‌ಪಳ್ಳಿಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಜನ ಸತ್ತರು, ಊರು ಬಿಟ್ಟು ಓಡಿದರು. ಆ ಅನುಭವದ ನಂತರವೇ ದಂಡಿನ ಆಡಳಿತ ಗಾಳಿ ಬೆಳಕು ಇರುವ ಹೊಸ ಬಡಾವಣೆಗಳಿಗೆ ಮನಸ್ಸು ಮಾಡಿತು. ಫ್ರೇಜರ್ ಟೌನ್ 1910ರಲ್ಲಿ ಸಿದ್ಧವಾಯಿತು. ಅದರ ಮಗ್ಗುಲಿನ ರಿಚರ್ಡ್ಸ್ ಟೌನ್ ಕೂಡ ಅದೇ ಸಾಲಿಗೆ ಸೇರಿದ್ದು.

ಪ್ಲೇಗಿಗೆ ಲಸಿಕೆಯನ್ನು ವಾಲ್ಡೆಮರ್ ಹಾಫ್‌ಕಿನ್ 1897ರಲ್ಲಿ ಮುಂಬಯಿಯಲ್ಲಿ ತಯಾರಿಸಿದ್ದರು. ದೇಹದೊಳಗಿನ ಕಾವಲು ಪಡೆಯನ್ನು ಮೊದಲೇ ಎಚ್ಚರಿಸಿಡುವುದು ಲಸಿಕೆಯ ಕೆಲಸ. ಶತ್ರುವಿನ ಗುರುತು ಒಮ್ಮೆ ಸಿಕ್ಕರೆ ಆ ಪಡೆ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಬೇಗನೆ ಎದ್ದು ನಿಲ್ಲುತ್ತದೆ. ಇದನ್ನೇ ರೋಗನಿರೋಧಕ ಶಕ್ತಿ ಎನ್ನುತ್ತೇವೆ. ಅಂದು ಈ ಊರಿನ ಜನ ಎಬ್ಬಿಸಲು ಹೆಣಗಿದ ಶಕ್ತಿಯನ್ನೇ ಇಂದು ಪಾರ್ಕಿನ ನನ್ನ ಸ್ನೇಹಿತರು ದಿನಕ್ಕೆ ಎರಡು ಸಲ ಮಲಗಿಸಬೇಕಾಗಿದೆ. ಏಕೆಂದರೆ ಆ ಕಾವಲು ಪಡೆಗೆ ಪ್ಲೇಗಿನ ಕ್ರಿಮಿಯೂ ಹೊರಗಿನದು, ಹೆಂಡತಿಯ ಕಿಡ್ನಿಯೂ ಹೊರಗಿನದು. ಒಂದು ಕೊಲ್ಲಲು ಬಂದದ್ದು, ಇನ್ನೊಂದು ಬದುಕಿಸಲು ಬಂದದ್ದು ಎಂಬ ವ್ಯತ್ಯಾಸ ಅದಕ್ಕೆ ತಿಳಿಯದು.

ಮೈಸೂರು ಯುದ್ಧದ ಒಂದು ಮೂಗು

ಬೇರೆಯವರ ಅಂಗ ಹಿಡಿಯುವುದಿಲ್ಲ, ತನ್ನದೇ ಆದರೆ ಹಿಡಿಯುತ್ತದೆ ಎಂಬ ಅರಿವು ಹಳೆಯದು. ಅದರ ಒಂದು ಪ್ರಸಿದ್ಧ ಉದಾಹರಣೆ ನಮ್ಮ ನೆಲಕ್ಕೆ ಸಂಬಂಧಿಸಿದ್ದು. ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಕವಾಸ್ಜಿ ಎಂಬ ಮರಾಠ ಗಾಡಿಯಾಳಿನ ವೃತ್ತಾಂತ ಪ್ರಕಟವಾಯಿತು. 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ ಈತ ಟಿಪ್ಪು ಸುಲ್ತಾನರ ಕಡೆಯವರಿಗೆ ಸೆರೆಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡನೆಂದು ಆ ವರದಿ ಹೇಳುತ್ತದೆ. ಯುದ್ಧದ ಕುರಿತು ಒಂದು ಪಕ್ಷದವರು ಬರೆದದ್ದು ಇದು ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೆ ನಮಗಿಲ್ಲಿ ಮುಖ್ಯವಾದದ್ದು ಮುಂದಿನ ಭಾಗ. ಸುಮಾರು ಒಂದು ವರ್ಷದ ನಂತರ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ವೈದ್ಯ ಆತನ ಹಣೆಯ ಚರ್ಮವನ್ನೇ ಕೆಳಗಿಳಿಸಿ ಹೊಸ ಮೂಗು ಕಟ್ಟಿಕೊಟ್ಟ. ಯುರೋಪಿನ ಶಸ್ತ್ರವೈದ್ಯರು ಈ ವಿದ್ಯೆಯನ್ನು ಕಲಿತದ್ದು ಆ ವರದಿಯಿಂದ.

ಆ ವೈದ್ಯ ಪರರ ಚರ್ಮಕ್ಕೆ ಕೈಹಾಕಲಿಲ್ಲ. ಅದಕ್ಕೂ ಇನ್ನೂರು ವರ್ಷ ಮೊದಲು, 1597ರಲ್ಲಿ, ಇಟಲಿಯ ಬೊಲೋನ್ಯದ ತಾಲ್ಯಾಕೋತ್ಸಿ ಕೂಡ ಕತ್ತರಿಸಿದ ಮೂಗನ್ನು ಸರಿಪಡಿಸಲು ರೋಗಿಯ ತೋಳಿನ ಚರ್ಮವನ್ನೇ ಬಳಸಬೇಕೆಂದು ಬರೆದಿದ್ದ. ಪ್ರತಿಯೊಬ್ಬನ ದೇಹಕ್ಕೂ ಅದರದೇ ಆದ ವೈಶಿಷ್ಟ್ಯವಿದೆ, ಅದು ಇನ್ನೊಬ್ಬನದರೊಂದಿಗೆ ಬೆರೆಯದು ಎಂಬುದು ಅವನ ಅನುಭವ. ಏಕೆ ಬೆರೆಯದು ಎಂಬುದು ತಿಳಿಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು.

ಸುಟ್ಟ ಗಾಯ ಕಲಿಸಿದ ಪಾಠ

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಆಸ್ಪತ್ರೆಗಳು ಸುಟ್ಟ ಗಾಯದವರಿಂದ ತುಂಬಿದವು. ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಜೊತೆ ಪೀಟರ್ ಮೆಡವಾರ್ ಎಂಬ ಯುವ ಪ್ರಾಣಿಶಾಸ್ತ್ರಜ್ಞ ಸೇರಿಕೊಂಡ. ಮೆಡವಾರ್ ತಂದೆ ಲೆಬನಾನ್ ಮೂಲದವರು, ತಾಯಿ ಇಂಗ್ಲಿಷ್ ಮಹಿಳೆ, ಹುಟ್ಟಿದ್ದು ಬ್ರೆಝಿಲ್‌ನಲ್ಲಿ. ತೀವ್ರವಾಗಿ ಸುಟ್ಟಿದ್ದ ಒಬ್ಬ ಮಹಿಳೆಗೆ ಅವಳದೇ ಚರ್ಮದ ತುಣುಕುಗಳನ್ನೂ, ಅವಳ ಸಹೋದರನ ಚರ್ಮದ ತುಣುಕುಗಳನ್ನೂ ಅಂಟಿಸಿ ಅವರು ಗಮನಿಸಿದರು. ಅವಳದು ಹಿಡಿಯಿತು. ಸಹೋದರನದು ಕೆಲವು ದಿನ ಚೆನ್ನಾಗಿದ್ದು ಆಮೇಲೆ ನಾಶವಾಯಿತು. ಅದೇ ಸಹೋದರನ ಚರ್ಮವನ್ನು ಎರಡನೆಯ ಸಲ ಅಂಟಿಸಿದಾಗ ಅದು ಇನ್ನೂ ಬೇಗನೆ ನಾಶವಾಯಿತು.

‘ಇನ್ನೂ ಬೇಗನೆ’ ಎಂಬುದರಲ್ಲೇ ಎಲ್ಲ ಗುಟ್ಟೂ ಇತ್ತು. ಬೇಗನೆ ಎಂದರೆ ದೇಹ ಮೊದಲನೆಯದನ್ನು ನೆನಪಿಟ್ಟುಕೊಂಡಿದೆ ಎಂದರ್ಥ. ನೆನಪಿದೆ ಎಂದರೆ ಇದು ರೋಗನಿರೋಧಕ ಶಕ್ತಿಯದೇ ಕೆಲಸ. 1943ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಮುಂದೆ 1953ರಲ್ಲಿ ಮೆಡವಾರ್ ಮತ್ತು ಸಂಗಡಿಗರು, ಹುಟ್ಟುವ ಮೊದಲೇ ಪರರ ಜೀವಕೋಶಗಳ ಪರಿಚಯವಾದ ಇಲಿಮರಿ ದೊಡ್ಡದಾದ ಮೇಲೆ ಅದೇ ಮೂಲದ ಚರ್ಮವನ್ನು ತನ್ನದೆಂದೇ ಒಪ್ಪಿಕೊಳ್ಳುತ್ತದೆ ಎಂದು ತೋರಿಸಿದರು. ನಮ್ಮದು-ಪರರದು ಎಂಬ ಭೇದ ದೇಹಕ್ಕೂ ಕಲಿಕೆಯಿಂದ ಬರುತ್ತದೆ ಎಂದಾಯಿತು. 1960ರಲ್ಲಿ ಮೆಡವಾರ್‌ಗೆ ಮ್ಯಾಕ್‌ಫರ್ಲೇನ್ ಬರ್ನೆಟ್ ಜೊತೆ ನೊಬೆಲ್ ಪ್ರಶಸ್ತಿ ಬಂತು.

ಅವಳಿಗಳಿಂದ ಆರಂಭ

ಕಿಡ್ನಿಯನ್ನು ಜೋಡಿಸುವ ಕೈಚಳಕ ವೈದ್ಯರಿಗೆ ಅಷ್ಟರಲ್ಲಿ ಸಿದ್ಧಿಸಿತ್ತು. ಉಕ್ರೇನಿನ ಯೂರಿ ವೊರೊನಾಯ್ 1933ರಲ್ಲೇ ಮೃತ ವ್ಯಕ್ತಿಯ ಕಿಡ್ನಿಯನ್ನು ರೋಗಿಗೆ ಕಸಿ ಮಾಡಿದ್ದರು. ರೋಗಿ ಎರಡು ದಿನ ಬದುಕಿದ್ದಷ್ಟೇ. ಸಮಸ್ಯೆ ಬರೀ ಹೊಲಿಗೆಯದಾಗಿರಲಿಲ್ಲ.

1954ರ ಡಿಸೆಂಬರ್ 23ರಂದು ಅಮೆರಿಕದ ಬೋಸ್ಟನ್‌ನಲ್ಲಿ ಜೋಸೆಫ್ ಮರ್‍ರೆ ಮತ್ತು ಸಂಗಡಿಗರು ರೊನಾಲ್ಡ್ ಹೆರಿಕ್‌ನ ಕಿಡ್ನಿಯನ್ನು ಅವನ ತದ್ರೂಪಿ ಅವಳಿ ರಿಚರ್ಡ್‌ಗೆ ಜೋಡಿಸಿದರು. ಇಬ್ಬರೂ ನಿಜಕ್ಕೂ ತದ್ರೂಪಿಗಳೇ ಎಂದು ಖಚಿತಪಡಿಸಿಕೊಳ್ಳಲು ಮೊದಲು ಒಬ್ಬನ ಚರ್ಮವನ್ನು ಇನ್ನೊಬ್ಬನಿಗೆ ಅಂಟಿಸಿ ನೋಡಲಾಗಿತ್ತು. ಬೆರಳಚ್ಚುಗಳನ್ನೂ ಹೋಲಿಸಲಾಗಿತ್ತು. ಕಸಿ ಯಶಸ್ವಿಯಾಯಿತು. ರಿಚರ್ಡ್ ಇನ್ನೂ ಎಂಟು ವರ್ಷ ಬದುಕಿದ. ದಾನಿ ರೊನಾಲ್ಡ್ ಒಂದೇ ಕಿಡ್ನಿಯಲ್ಲಿ 2010ರವರೆಗೆ ಬಾಳಿದ. ಆದರೆ ಎಷ್ಟು ರೋಗಿಗಳಿಗೆ ಅವಳಿ ಸಹೋದರ ಇದ್ದಾನು?

ಉಳಿದವರ ಪಾಲಿಗೆ ಬಾಗಿಲು ತೆರೆದದ್ದು 1960ರ ದಶಕದಲ್ಲಿ. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರೂಪಿಸಿದ ಅಝಥಯೋಪ್ರಿನ್ ಎಂಬ ಔಷಧಿ, ಅದರ ಜೊತೆ ಸ್ಟೀರಾಯ್ಡ್ ಕಾವಲು ಪಡೆಯನ್ನು ಮಂದಗೊಳಿಸಿದವು. ಅಷ್ಟರಲ್ಲಿ ಫ್ರಾನ್ಸಿನ ಝಾನ್ ದೋಸೆ ಬಿಳಿ ರಕ್ತಕಣಗಳ ಮೇಲಿನ ಗುರುತುಗಳನ್ನು ಪತ್ತೆಹಚ್ಚಿದ್ದರು. ಎಚ್‌ಎಲ್‌ಎ ಎಂದು ಕರೆಯಲಾಗುವ ಈ ಗುರುತುಗಳು ನಮ್ಮ ಜೀವಕೋಶಗಳ ವಿಳಾಸದ ಚೀಟಿಯಿದ್ದಂತೆ. ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತವೆ. ಹಾಗಾಗಿ ತಂದೆ ತಾಯಿ ಮಕ್ಕಳಿಗೆ ಸದಾ ಅರ್ಧ ಹೊಂದುತ್ತಾರೆ. ಒಡಹುಟ್ಟಿದವರ ಲೆಕ್ಕ ಬೇರೆ. ನಾಲ್ವರಲ್ಲಿ ಒಬ್ಬರು ಪೂರ್ತಿ ಹೊಂದುವ, ಇಬ್ಬರು ಅರ್ಧ ಹೊಂದುವ, ಒಬ್ಬರು ಸ್ವಲ್ಪವೂ ಹೊಂದದಿರುವ ಸಾಧ್ಯತೆ ಇರುತ್ತದೆ. ಒಂದೇ ತಾಯಿಯ ಹಾಲು ಕುಡಿದ ಅಣ್ಣ ತಮ್ಮಂದಿರು ಈ ಲೆಕ್ಕದಲ್ಲಿ ಪೂರ್ತಿ ಅಪರಿಚಿತರಾಗಿರಬಹುದು.

1969ರಲ್ಲಿ ಪಾಲ್ ತೆರಸಾಕಿ ಮತ್ತು ಪಟೇಲ್ ಇನ್ನೊಂದು ಮುಖ್ಯ ಅಂಶವನ್ನು ಮುಂದಿಟ್ಟರು. ಶಸ್ತ್ರಚಿಕಿತ್ಸೆಗೆ ಮೊದಲೇ ರೋಗಿಯ ರಕ್ತವನ್ನು ದಾನಿಯ ಜೀವಕೋಶಗಳೊಂದಿಗೆ ಬೆರೆಸಿ ನೋಡುವ ಪರೀಕ್ಷೆ ಅದು. ಎರಡರ ನಡುವೆ ಜಗಳವಿದೆ ಎಂದು ಪರೀಕ್ಷೆ ತೋರಿಸಿದ್ದ 30 ಪ್ರಕರಣಗಳಲ್ಲಿ 24 ಕಿಡ್ನಿಗಳು ಕೂಡಲೇ ವಿಫಲವಾಗಿದ್ದವು. ಜಗಳವಿಲ್ಲದ 195ರಲ್ಲಿ ಹಾಗಾದದ್ದು ಎಂಟು ಮಾತ್ರ. ಈ ಪರೀಕ್ಷೆ ಇಂದಿಗೂ ಕಡ್ಡಾಯ. ಹೊರಗಿನವನನ್ನು ದೇಹ ಹೇಗೆ ಗುರುತಿಸುತ್ತದೆ ಎಂದು ಕಂಡುಕೊಂಡ ಈ ತೆರಸಾಕಿ, ಅಮೆರಿಕದಲ್ಲೇ ಹುಟ್ಟಿಯೂ ಜಪಾನಿ ಮೂಲದವರೆಂಬ ಕಾರಣಕ್ಕೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಕುಟುಂಬ ಸಮೇತ ಸರಕಾರದ ಶಿಬಿರದಲ್ಲಿ ಕೂಡಿಹಾಕಲ್ಪಟ್ಟಿದ್ದವರು.

ದೇಹದ ವಿರೋಧಕ್ಕೆ ಮೂರು ಮುಖ. ರಕ್ತದಲ್ಲಿ ಮೊದಲೇ ಇರುವ ಪ್ರತಿಕಾಯಗಳು ಹೊಸ ಕಿಡ್ನಿಯನ್ನು ನಿಮಿಷ ಗಂಟೆಗಳಲ್ಲಿ ನಾಶಮಾಡುವುದು ಒಂದು. ವಾರ ತಿಂಗಳುಗಳಲ್ಲಿ ಬಿಳಿ ರಕ್ತಕಣಗಳು ದಾಳಿಯಿಡುವುದು ಎರಡನೆಯದು. ಸಕಾಲದಲ್ಲಿ ಗೊತ್ತಾದರೆ ಇದಕ್ಕೆ ಚಿಕಿತ್ಸೆ ಇದೆ. ವರ್ಷಗಟ್ಟಲೆ ಸದ್ದಿಲ್ಲದೆ ಕಿಡ್ನಿಯನ್ನು ಸವೆಸುವುದು ಮೂರನೆಯದು. ವೈದ್ಯರು ಈಗಲೂ ಹೆಚ್ಚು ಹೆದರುವುದು ಇದಕ್ಕೇ.

ನಾರ್ವೆಯ ಮಣ್ಣು, ಬಡವನ ಕಿಡ್ನಿ

ಭಾರತದಲ್ಲಿ ಯಶಸ್ವಿ ಕಿಡ್ನಿ ಕಸಿಯ ಪರಂಪರೆ ನೆಲೆಗೊಂಡದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಆ ಕಾಲದಲ್ಲಿ ದಾನಿ ಎಂದರೆ ಹೆತ್ತವರು, ಇಲ್ಲವೇ ಒಡಹುಟ್ಟಿದವರು. ಲಭ್ಯವಿದ್ದ ಔಷಧಿಗಳಿಗೆ ಅದಕ್ಕಿಂತ ದೂರದವರನ್ನು ಸಂಭಾಳಿಸುವ ಶಕ್ತಿ ಕಡಿಮೆಯಿತ್ತು. ದೇಹದ ಕಠಿಣ ನಿಯಮವೇ ಅಂಗ ವ್ಯಾಪಾರಕ್ಕೆ ಬೇಲಿ ಹಾಕಿತ್ತು ಎಂದರೂ ಸರಿ.

ಆ ಬೇಲಿ ಮುರಿದದ್ದು ಒಂದು ಹಿಡಿ ಮಣ್ಣು. ನಾರ್ವೆಯ ಹಾರ್ಡಂಗರ್ ಪ್ರಸ್ಥಭೂಮಿಯಿಂದ 1969ರಲ್ಲಿ ಸ್ವಿಟ್ಸರ್‌ಲೆಂಡಿನ ಸಾಂಡೋಝ್ ಕಂಪೆನಿಗೆ ತಂದ ಮಣ್ಣಿನಲ್ಲಿದ್ದ ಶಿಲೀಂಧ್ರದಿಂದ ಸೈಕ್ಲೋಸ್ಪೋರಿನ್ ದೊರೆಯಿತು. ಅದು ಕಾವಲು ಪಡೆಯ ಎಲ್ಲರನ್ನೂ ಕೊಲ್ಲದೆ, ದಾಳಿಗೆ ಕರೆಕೊಡುವ ಕಣಗಳನ್ನಷ್ಟೇ ಸುಮ್ಮನಾಗಿಸುತ್ತದೆ ಎಂದು ಝಾನ್ ಬೊರೆಲ್ ಮತ್ತು ಸಂಗಡಿಗರು ತೋರಿಸಿದರು. 1978ರಲ್ಲಿ ಕೇಂಬ್ರಿಜ್‌ನ ರಾಯ್ ಕಾಲ್ನ್ ಅದನ್ನು ಕಿಡ್ನಿ ರೋಗಿಗಳಿಗೆ ಕೊಟ್ಟರು. 1983ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಮೃತರಿಂದ ಪಡೆದ ಕಿಡ್ನಿಗಳಲ್ಲಿ ಮೊದಲ ವರ್ಷ ದಾಟುತ್ತಿದ್ದದ್ದು ಹೆಚ್ಚುಕಡಿಮೆ ಅರ್ಧ. ಅದು ಆಗ ಶೇ. 80ರ ಆಸುಪಾಸಿಗೆ ಏರಿತು.

ಅಪರಿಚಿತನ ಕಿಡ್ನಿಯೂ ಉಳಿಯುತ್ತದೆ ಎಂದಾದ ಮೇಲೆ ಅಪರಿಚಿತನನ್ನು ಹುಡುಕುವ ದಲ್ಲಾಳಿ ಹುಟ್ಟಿಕೊಂಡ. 1980ರ ದಶಕದಲ್ಲಿ ಮುಂಬಯಿ, ಮದ್ರಾಸ್, ಬೆಂಗಳೂರು ಕಿಡ್ನಿ ಮಾರುಕಟ್ಟೆಗಳಾದವು. ಕೊಳ್ಳುವವರಲ್ಲಿ ಕೊಲ್ಲಿ ರಾಷ್ಟ್ರಗಳಿಂದ ಬಂದವರೂ ಇದ್ದರು, ನಮ್ಮ ದೇಶದ ಶ್ರೀಮಂತರೂ ಇದ್ದರು. ಯುಎಇ ಮತ್ತು ಒಮಾನ್‌ನಿಂದ ಮುಂಬಯಿಗೆ ಬಂದು ಕಿಡ್ನಿ ಕೊಂಡ 130 ರೋಗಿಗಳ ಅಧ್ಯಯನವೊಂದು 1990ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಸಾವಿನ ಪ್ರಮಾಣ ಆತಂಕ ಹುಟ್ಟಿಸುವಷ್ಟಿತ್ತು. ಕೆಲವರಿಗೆ ಎಚ್‌ಐವಿ ಸೋಂಕು ತಗುಲಿತ್ತು. ಅವಸರದ ವ್ಯಾಪಾರದಲ್ಲಿ ಪರೀಕ್ಷೆಗೆ ಸಮಯವೆಲ್ಲಿ?

ಮಾರಿದವರಿಗೇನಾಯಿತು? 2001ರಲ್ಲಿ ಚೆನ್ನೈಯಲ್ಲಿ ಕಿಡ್ನಿ ಮಾರಿದ 305 ಮಂದಿಯನ್ನು ಮಾತಾಡಿಸಿದ ಅಧ್ಯಯನದ ಪ್ರಕಾರ ಶೇ. 96 ಮಂದಿ ಸಾಲ ತೀರಿಸಲು ಮಾರಿದ್ದರು. ಮಾರಿದ ಮೇಲೆ ಕುಟುಂಬದ ಆದಾಯ ಮೂರನೆಯ ಒಂದರಷ್ಟು ಇಳಿದಿತ್ತು. ಶೇ. 86 ಮಂದಿ ಆರೋಗ್ಯ ಕೆಟ್ಟಿತೆಂದರು. ಶೇ. 79 ಮಂದಿ ಬೇರೆಯವರಿಗೆ ಈ ದಾರಿ ಹೇಳುವುದಿಲ್ಲ ಎಂದರು. ಮಾರಿದವರಲ್ಲಿ ಹೆಚ್ಚಿನವರು ಹೆಂಗಸರು.

ಬೆಂಗಳೂರಿನ ಸರದಿ 1995ರ ಆರಂಭದಲ್ಲಿ ಬಂತು. ಕೆಲಸ ಕೊಡಿಸುವ ನೆಪದಲ್ಲಿ ಬಡವರನ್ನು ಕರೆತಂದು ಅವರ ಅರಿವಿಗೆ ಬಾರದಂತೆ ಕಿಡ್ನಿ ತೆಗೆಯಲಾಗಿದೆ ಎಂಬ ದೂರುಗಳ ಮೇಲೆ ಪೊಲೀಸರು ತನಿಖೆಗಿಳಿದಾಗ ದೇಶವೇ ಬೆಚ್ಚಿತು.

ಕಾನೂನಿನ ಲೆಕ್ಕ, ದೇಹದ ಲೆಕ್ಕ

ಸಂಸತ್ತು 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆಯನ್ನು ಅಂಗೀಕರಿಸಿತು. ಅಂಗ ಮಾರಾಟ ಅಪರಾಧವಾಯಿತು. ಮೆದುಳು ಸತ್ತ ಸ್ಥಿತಿಯನ್ನು ಸಾವೆಂದು ಒಪ್ಪಲಾಯಿತು. ತಂದೆ, ತಾಯಿ, ಮಗ, ಮಗಳು, ಸಹೋದರ, ಸಹೋದರಿ, ಪತಿ, ಪತ್ನಿ ಇವರು ಹತ್ತಿರದ ಸಂಬಂಧಿಗಳು ಎಂದಾಯಿತು. ಉಳಿದವರು ‘ವಾತ್ಸಲ್ಯ ಅಥವಾ ಅನುಬಂಧ’ದ ಕಾರಣಕ್ಕೆ ಕೊಡುವುದಾದರೆ ಸಮಿತಿಯೊಂದು ಪರಿಶೀಲಿಸಬೇಕು. ಮನೆಗೆಲಸದಾಕೆಗೆ ಯಜಮಾನನ ಮೇಲೆ, ಕೂಲಿಯಾಳಿಗೆ ಎಂದೂ ಕಾಣದ ಉದ್ಯಮಿಯ ಮೇಲೆ ದಿಢೀರನೆ ವಾತ್ಸಲ್ಯ ಉಕ್ಕಿಬರಲು ಈ ಕಿಂಡಿಯೇ ಸಾಕಾಯಿತು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸಂಬಂಧಿಗಳ ಪಟ್ಟಿಗೆ ಸೇರಿಸಿತು. ಹೊಂದಾಣಿಕೆಯಾಗದ ಎರಡು ಕುಟುಂಬಗಳು ಪರಸ್ಪರ ದಾನಿಗಳನ್ನು ಬದಲಾಯಿಸಿಕೊಳ್ಳಲು ಅವಕಾಶ ನೀಡಿತು. ಅಂಗ ವ್ಯಾಪಾರಕ್ಕೆ ಐದರಿಂದ ಹತ್ತು ವರ್ಷ ಜೈಲು ಮತ್ತು 20 ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಿತು.

ಈ ಪಟ್ಟಿಯಲ್ಲಿ ಕುತೂಹಲಕರ ಹೆಸರೆಂದರೆ ಪತಿ-ಪತ್ನಿಯರದು. ಕಾನೂನಿಗೆ ಅವರು ಅತಿ ಹತ್ತಿರದವರು. ದೇಹಕ್ಕೆ ದಾರಿಯಲ್ಲಿ ಸಿಕ್ಕ ಯಾರೋ ಇದ್ದಂತೆ. ಆದರೂ 1995ರಲ್ಲಿ ತೆರಸಾಕಿ ಮತ್ತು ಸಂಗಡಿಗರು ಅಮೆರಿಕದ ದಾಖಲೆಗಳನ್ನು ನೋಡಿದಾಗ ಸಂಗಾತಿ ಕೊಟ್ಟ ಕಿಡ್ನಿಗಳಲ್ಲಿ ಶೇ. 85 ಮೂರು ವರ್ಷ ದಾಟಿದ್ದವು. ಹೆತ್ತವರು ಕೊಟ್ಟವುಗಳಲ್ಲಿ ಶೇ. 82. ಮೃತರಿಂದ ಪಡೆದವುಗಳಲ್ಲಿ ಶೇ. 70. ಗುರುತು ಹೊಂದದಿದ್ದರೂ ಆರೋಗ್ಯವಂತ ವ್ಯಕ್ತಿಯಿಂದ ತಡವಿಲ್ಲದೆ ಬಂದ ಕಿಡ್ನಿ ಬಾಳುತ್ತದೆ ಎಂದು ಇದರಿಂದ ತಿಳಿಯಿತು.

ಇಲ್ಲಿ ಇನ್ನೊಂದು ಮಾತಿದೆ. ನನ್ನ ಸ್ನೇಹಿತರ ಬದಲು ಅವರ ಪತ್ನಿಗೇ ಕಿಡ್ನಿ ಬೇಕಾಗಿ, ಇವರು ಕೊಡಲು ಮುಂದೆ ಬಂದಿದ್ದರೆ ಕೆಲಸ ಅಷ್ಟು ಸುಲಭವಾಗುತ್ತಿರಲಿಲ್ಲವೇನೋ. ಗರ್ಭದಲ್ಲಿರುವ ಮಗುವಿನಲ್ಲಿ ಅರ್ಧ ಗುರುತು ತಂದೆಯದು. ಒಂಬತ್ತು ತಿಂಗಳು ತಾಯಿಯ ದೇಹ ಆ ಅರ್ಧ ಅಪರಿಚಿತನನ್ನು ಪೊರೆಯುತ್ತದೆ. ಆದರೆ ಅನೇಕ ತಾಯಂದಿರ ರಕ್ತದಲ್ಲಿ ಆ ಗುರುತಿನ ವಿರುದ್ಧ ಪ್ರತಿಕಾಯಗಳು ಉಳಿದುಬಿಡುತ್ತವೆ. ಮಕ್ಕಳನ್ನು ಹೆತ್ತುಕೊಟ್ಟ ಕಾರಣಕ್ಕೇ ಆಕೆಗೆ ಗಂಡನ ಕಿಡ್ನಿ ಒಗ್ಗದಿರಬಹುದು. ನಮ್ಮ ದೇಶದಲ್ಲಿ ಬದುಕಿರುವಾಗ ಕಿಡ್ನಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಇದಕ್ಕೆ ಮಾತ್ರ ದೇಹವನ್ನು ದೂರಲಾಗದು. ಇದು ನಮ್ಮ ಮನೆಗಳ ಲೆಕ್ಕ.

ಧರ್ಮ ಏನನ್ನುತ್ತದೆ?

ಈ ಪ್ರಶ್ನೆ ವಿದ್ವಾಂಸರ ಮುಂದೆಯೂ ಬಂತು. ಇಸ್ಲಾಮೀ ರಾಷ್ಟ್ರಗಳ ಸಂಘಟನೆಯ ಫಿಕ್ಹ್ ಅಕಾಡೆಮಿ 1988ರ ಫೆಬ್ರವರಿಯಲ್ಲಿ ಜಿದ್ದಾದಲ್ಲಿ ಸೇರಿ ಷರತ್ತುಗಳೊಂದಿಗೆ ಅಂಗಾಂಗ ಕಸಿಯನ್ನು ಅನುಮತಿಸಿತು. ದಾನಿಯ ಜೀವಕ್ಕೆ ಅಪಾಯವಾಗಬಾರದು, ಅಂಗವನ್ನು ಮಾರಬಾರದು ಎಂಬುದು ಅವುಗಳಲ್ಲಿ ಮುಖ್ಯ. ಭಾರತದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1989ರಲ್ಲಿ ದೆಹಲಿಯಲ್ಲಿ ನಡೆಸಿದ ತನ್ನ ಮೊದಲ ವಿಚಾರಗೋಷ್ಠಿಯಲ್ಲೇ ಈ ವಿಷಯವನ್ನು ಎತ್ತಿಕೊಂಡಿತು. ಮರಣಾನಂತರದ ದಾನದ ಬಗ್ಗೆ ನಮ್ಮ ಉಪಖಂಡದ ಉಲಮಾಗಳಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಇರಾನ್ 1988ರಿಂದ ಬೇರೆಯೇ ದಾರಿ ಹಿಡಿದು, ಸರಕಾರದ ಉಸ್ತುವಾರಿಯಲ್ಲಿ ಜೀವಂತ ದಾನಿಗೆ ಹಣ ಕೊಡುವ ವ್ಯವಸ್ಥೆ ಮಾಡಿತು. ಹೀಗೆ ಉತ್ತರಗಳು ಒಂದೇ ಆಗಿಲ್ಲ. ಆದರೆ ಸಾಲದಲ್ಲಿ ಮುಳುಗಿದವನ ದೇಹವನ್ನು ಸಂತೆಯ ಸರಕಾಗಿಸುವುದನ್ನು ಯಾವ ಧರ್ಮದ ಮನಸ್ಸಾಕ್ಷಿಯೂ ಒಪ್ಪಲಾರದು.

ವ್ಯಾಪಾರಕ್ಕೆ ಇರುವ ನಿಜವಾದ ಮದ್ದು ಮರಣಾನಂತರದ ದಾನ ಹೆಚ್ಚುವುದೇ ಎಂದು ವೈದ್ಯರು ಹೇಳುತ್ತಾರೆ. ಕರ್ನಾಟಕದಲ್ಲಿ ಅದಕ್ಕಾಗಿ 2007ರಲ್ಲಿ ವಲಯ ಸಮನ್ವಯ ಸಮಿತಿ ರಚನೆಯಾಯಿತು. ಈಗ ಅದು ‘ಜೀವಸಾರ್ಥಕತೆ’ ಎಂಬ ಹೆಸರಿನಲ್ಲಿ ಕಾದಿರುವ ರೋಗಿಗಳ ಪಟ್ಟಿಯನ್ನು ಇಟ್ಟು, ಸರದಿಯಂತೆ ಅಂಗಗಳನ್ನು ಹಂಚುತ್ತದೆ. ಅಲ್ಲಿ ಕೊಡುವವರಿಗೆ ಪಡೆಯುವವರ ಜಾತಿ, ಮತ ತಿಳಿದಿರುವುದಿಲ್ಲ.

ಮುಗಿಯದ ಎಚ್ಚರ

ಸೈಕ್ಲೋಸ್ಪೋರಿನ್‌ನ ಸ್ಥಾನವನ್ನು ಈಗ ಬಹುಪಾಲು ಟಾಕ್ರೊಲಿಮಸ್ ತುಂಬಿದೆ. 1984ರಲ್ಲಿ ಜಪಾನಿನ ತ್ಸುಕುಬಾ ಬೆಟ್ಟದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದ ಔಷಧಿ ಅದು. ಪ್ರಮಾಣ ಕಡಿಮೆಯಾದರೆ ದೇಹ ಕಿಡ್ನಿಯ ಮೇಲೆ ಬೀಳುತ್ತದೆ. ಹೆಚ್ಚಾದರೆ ಸೋಂಕುಗಳು ದೇಹದ ಮೇಲೆ ಬೀಳುತ್ತವೆ, ಕಿಡ್ನಿಗೂ ಹಾನಿ. ಅದಕ್ಕೇ ಆಗಾಗ ರಕ್ತದಲ್ಲಿ ಅದರ ಮಟ್ಟ ನೋಡಬೇಕು. ಸಾಮಾನ್ಯ ಮಾತ್ರೆಯಾದರೆ ಎರಡು ಹೊತ್ತಿನ ನಡುವೆ ಸುಮಾರು ಹನ್ನೆರಡು ಗಂಟೆ ಅಂತರವಿರಬೇಕು.

ರಮಝಾನ್ ಬಂದಾಗ ಕಸಿ ಮಾಡಿಸಿಕೊಂಡ ಕೆಲವರು ಯಾರನ್ನೂ ಕೇಳದೆ ಮಾತ್ರೆಯ ವೇಳೆಯನ್ನು ಬದಲಾಯಿಸಿಕೊಳ್ಳುತ್ತಾರೆ. ಇದು ಅಪಾಯಕಾರಿ. ಸ್ಥಿರವಾಗಿರುವ ಕೆಲವರಿಗೆ ವೈದ್ಯರು ದಿನಕ್ಕೊಮ್ಮೆ ನುಂಗುವ ಮಾತ್ರೆ ಬರೆದುಕೊಡಬಹುದು, ಕೆಲವರಿಗೆ ಉಪವಾಸವೇ ಬೇಡ ಎನ್ನಬಹುದು. ರೋಗಿಗೆ ಧರ್ಮ ಕೊಟ್ಟಿರುವ ರಿಯಾಯಿತಿಯನ್ನು ಬಳಸಿಕೊಳ್ಳುವುದು ಕೊರತೆಯೇನಲ್ಲ. ಹಣದ ಅಡಚಣೆಯಿಂದ ಎರಡು ಹೊತ್ತಿನದನ್ನು ಒಂದು ಹೊತ್ತಿಗೆ ಇಳಿಸುವವರೂ ಇದ್ದಾರೆ. ಕಸಿಯ ದಿನ ಹಣ ಕೂಡಿಸಿಕೊಟ್ಟ ನೆರೆಹೊರೆ ಐದು ವರ್ಷದ ನಂತರ ಆ ಮನೆಯ ಔಷಧಿಯ ಚೀಟಿಯನ್ನು ವಿಚಾರಿಸುವುದು ಅಪರೂಪ. ಆದರೆ ಕಿಡ್ನಿ ಹೋಗುವುದು ಬಹಳ ಸಲ ತಪ್ಪಿಹೋದ ಮಾತ್ರೆಗಳಿಂದ.

ಮೊನ್ನೆ ಪಾರ್ಕಿನಲ್ಲಿ ಎಂಟು ಹೊಡೆದು ಐದು ನಿಮಿಷವಾದರೂ ಸ್ನೇಹಿತರ ಮೊಬೈಲ್ ಸುಮ್ಮನಿತ್ತು. ಚಾರ್ಜ್ ಮುಗಿದಿತ್ತಂತೆ. ಅಷ್ಟರಲ್ಲಿ ಗೇಟಿನ ಕಡೆಯಿಂದ ಅವರ ಪತ್ನಿ ನೀರಿನ ಬಾಟಲಿ ಹಿಡಿದು ಬರುವುದು ಕಾಣಿಸಿತು.